ಪೆಟ್ಟಿಗೆಯೊಳಗೆ ಏನೋ ಉರುಳಿತು

ನಾನು ನಿವೃತ್ತಳಾದ ಮೇಲೆ, ಆ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ: “ಆಂಟಿ, ಈ ಜಾಬಲ್ಲಿ ಎಷ್ಟು ಕಂಟ್ರಿ ನೋಡಿದ್ರಿ?” ಅಯ್ಯೋ ಮಕ್ಕಳೇ, ನಾನು ನೋಡಿದ್ದು ಕಾರ್ಗೋ ಶೆಡ್ಡು. ಲಂಡನ್ನಿನ ಕಾರ್ಗೋ ಶೆಡ್ಡು, ಸಿಂಗಪುರದ ಕಾರ್ಗೋ ಶೆಡ್ಡು, ದೋಹಾದ ಕಾರ್ಗೋ ಶೆಡ್ಡು. ಎಲ್ಲ ಕಡೆಯೂ ಒಂದೇ ಬಗೆಯ ತಗಡಿನ ಚಾವಣಿ, ಒಂದೇ ಬಗೆಯ ಕೆಟ್ಟ ಕಾಫಿ. ಊರು ನೋಡಲು ಈ ಕೆಲಸಕ್ಕೆ ಬರುವವರು ದಯವಿಟ್ಟು ಟೂರ್ ಪ್ಯಾಕೇಜ್ ಬುಕ್ ಮಾಡಿಕೊಳ್ಳಿ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಒಂದು ಕಡೆಯ ಹಳೆಯ ವಸ್ತು ಪ್ರದರ್ಶನಕ್ಕೆಂದು ಇನ್ನೊಂದು ದೇಶದ ಮ್ಯೂಸಿಯಂಗೆ ಹೋಗಬೇಕಾದರೆ ಅದನ್ನು ಯಾರೋ ಪೆಟ್ಟಿಗೆಗೆ ಹಾಕಬೇಕು, ಯಾರೋ ಅದರ ಜೊತೆ ಪ್ರಯಾಣ ಮಾಡಬೇಕು. ಆ ಎರಡೂ ಕೆಲಸ ಮಾಡುವ ಖಾಸಗಿ ಕಂಪನಿಯೊಂದರಲ್ಲಿ ನಾನಿದ್ದೆ. ಮೊದಲು ಸಿಡ್ನಿಯಲ್ಲಿ, ಆಮೇಲೆ ಮೆಲ್ಬರ್ನಿನಲ್ಲಿ. ಜೊತೆಗೆ ಹೋಗುವವರನ್ನು ಕೊರಿಯರ್ ಎನ್ನುತ್ತಾರೆ. ಅದನ್ನು ಕೇಳಿದ ಮೈಸೂರಿನ ನಮ್ಮ ಚಿಕ್ಕಮ್ಮ, “ಪಾಪ, ನಮ್ಮ ಸುಮಿತ್ರ ಎಂಎಸ್ಸಿ ಓದಿ ಅಲ್ಲಿ ಮನೆಮನೆಗೆ ಕಾಗದ ಹಂಚ್ತಾಳಂತೆ” ಎಂದು ನೆಂಟರಿಗೆಲ್ಲ ಸುದ್ದಿ ಮುಟ್ಟಿಸಿದ್ದರು.

ಸಿಡ್ನಿಯಲ್ಲಿ ನನ್ನ ಮೇಲಧಿಕಾರಿ ಕೋಲಿನ್ ಎಂಬಾತ. ಎತ್ತರದ ಆಸಾಮಿ, ಮಾತು ಕಡಿಮೆ, ಬೈಗುಳ ಜಾಸ್ತಿ. ಮೊದಲ ದಿನವೇ ನನ್ನನ್ನು ನಿಲ್ಲಿಸಿಕೊಂಡು ಬಳೆ ತೆಗೆ, ಉಂಗುರ ತೆಗೆ, ಸರ ತೆಗೆ ಎಂದ. ಅದು ಸರಿಯೇ. ನೂರಾರು ವರ್ಷ ಹಳೆಯ ಬಣ್ಣದ ಮೇಲೆ ಒಂದು ಬಳೆ ಗೀರಿದರೆ ಮುಗಿಯಿತು ಕತೆ. ಎಲ್ಲ ತೆಗೆದಿಟ್ಟೆ. ಕೊನೆಗೆ ನನ್ನ ಮೂಗುಬೊಟ್ಟಿನ ಕಡೆ ಬೆರಳು ತೋರಿಸಿ “ಅದೂ” ಎಂದ. “ನಾನು ಮೂಗಿನಿಂದ ಸಾಮಾನು ಎತ್ತೋದಿಲ್ಲ, ಕೋಲಿನ್” ಎಂದೆ. ಆತ ನಗಲಿಲ್ಲ. ಔಷಧಿ ಪೆಟ್ಟಿಗೆ ತೆರೆದು ಒಂದು ಪ್ಲಾಸ್ಟರ್ ಕೊಟ್ಟ. ಕೆಲವು ತಿಂಗಳು ನಾನು ಮೂಗಿಗೆ ಪ್ಲಾಸ್ಟರ್ ಅಂಟಿಸಿಕೊಂಡೇ ಕೆಲಸ ಮಾಡಿದೆ. ಮೊದಲ ದಿನ ಮ್ಯಾಕ್ವೆರಿ ಪಾರ್ಕಿನ ತಮ್ಮ ಆಫೀಸು ಮುಗಿಸಿ ನನ್ನನ್ನು ಕರೆದೊಯ್ಯಲು ಬಂದ ನನ್ನ ಗಂಡ, “ಯಾರೇ ಹೊಡೆದಿದ್ದು?” ಎಂದು ಗಾಬರಿಯಾಗಿದ್ದರು. ಆಮೇಲೆ ಕೋಲಿನ್‌ಗೇ ಸಾಕಾಗಿ ಬಿಟ್ಟುಬಿಟ್ಟ. ಒಂದು ಚೂರು ಚಿನ್ನ, ಒಂದು ಕೆಂಪು ಹರಳು, ಅಷ್ಟೇ ಅದು. ಕೆಲಸದಲ್ಲಿ ಇದ್ದಷ್ಟು ಕಾಲ ಅದನ್ನು ಒಂದೇ ಸಲ ತೆಗೆದೆ, ಫ್ರಾನ್ಸಿನಲ್ಲಿ.

ಕೋಲಿನ್ ನನ್ನನ್ನು ಎಷ್ಟು ಬೈದಿದ್ದನೋ ಲೆಕ್ಕವಿಲ್ಲ. ಒಮ್ಮೆ ಹಡಗಿನ ಕ್ಯಾಪ್ಟನ್ ಒಬ್ಬನ ಉಣ್ಣೆಯ ಕೋಟು ಪ್ಯಾಕ್ ಮಾಡಿದೆ. ಹುಳ ಹಿಡಿಯದಿರಲಿ ಎಂದು, ಮೈಸೂರಿನಲ್ಲಿ ರೇಷ್ಮೆ ಸೀರೆಗಳ ನಡುವೆ ಹಾಕುತ್ತಿದ್ದ ಹಾಗೆ, ನಾಲ್ಕು ನುಸಿಗುಳಿಗೆ ಹಾಕಿ ಮುಚ್ಚಿದೆ. ಒಳ್ಳೆಯ ಕೆಲಸ ಮಾಡಿದ ಖುಷಿ ಬೇರೆ! ಮಾರನೆಯ ದಿನ ಕೋಲಿನ್ ಮುಚ್ಚಳ ತೆರೆದವನೇ ಎರಡು ಹೆಜ್ಜೆ ಹಿಂದೆ ಸರಿದ. ಕೋಟಿನ ಹಳೆಯ ಗುಂಡಿಗಳಿಗೆ ಆ ಗುಳಿಗೆಯ ಆವಿಯೇ ವಿಷ ಎಂದು ನನಗೆ ಆಗ ಗೊತ್ತಾಯಿತು. ಗುಂಡಿಗಳಿಗೆ ಏನೂ ಆಗಿರಲಿಲ್ಲ, ನನ್ನ ಪುಣ್ಯ. ಮನೆಯಲ್ಲಿ ಕಲಿತ ಕಾಳಜಿಯೇ ಇಲ್ಲಿ ಕಂಟಕವಾಗಬಹುದು ಎಂಬುದನ್ನು ಆ ವಾರವೆಲ್ಲ ಬೈಸಿಕೊಂಡು ಕಲಿತೆ.

ಆತ ಕಲಿಸಿದ್ದರಲ್ಲಿ ನಾನು ಕೊನೆಯತನಕ ಉಳಿಸಿಕೊಂಡದ್ದು ಒಂದು ಅಭ್ಯಾಸ. ಪೆಟ್ಟಿಗೆ ಕದಲುವಾಗ ಅದರ ಮೇಲೆ ಅಂಗೈ ಇಟ್ಟು ಜೊತೆಯಲ್ಲೇ ನಡೆಯುವುದು. ಆಗ ಮರದ ಹೊಟ್ಟು, ಕಾಗದದ ಉಂಡೆ, ಕೈಯಂದಾಜು. ಈಗ ಯಂತ್ರವೇ ಅಳತೆಗೆ ಫೋಮ್ ಕತ್ತರಿಸುತ್ತದೆ. ಪೆಟ್ಟಿಗೆಗೆ ಪೆಟ್ಟು ಬಿದ್ದರೆ, ಓರೆಯಾದರೆ ಕೆಂಪಾಗುವ ಚೀಟಿಗಳಿವೆ. ಹುಡುಗರು ಚೀಟಿ ನೋಡುತ್ತಾರೆ, ಅಂಗೈ ಇಡುವುದಿಲ್ಲ. ಇಡಿ ಕಣ್ರೋ, ಏನು ಕೈ ಸವೆಯುತ್ತಾ?

ಆತನ ಇನ್ನೊಂದು ನಿಯಮವನ್ನು ಮಾತ್ರ ನಾನು ಪಾಲಿಸಲಿಲ್ಲ. ಬಿರುಕು ಗೀರುಗಳ ಪರೀಕ್ಷೆ ಮುಗಿದ ಮೇಲೆ ವಸ್ತುವಿನ ಜೊತೆ ಅದರ ಒಡೆಯರನ್ನು ಒಂಟಿಯಾಗಿ ಬಿಡಬೇಡ ಎನ್ನುತ್ತಿದ್ದ. ನಾನು ಬಿಡುತ್ತಿದ್ದೆ. ಅಜ್ಜನ ಪಿಟೀಲು ಕಳಿಸುವವರು, ಸತ್ತ ಮಗನ ದೋಣಿ ಕಳಿಸುವವರು ಒಂದು ನಿಮಿಷ ಅದರ ಹತ್ತಿರ ನಿಲ್ಲಬೇಕು ಎನ್ನುತ್ತಾರೆ. ಹೇಗೆ ಬೇಡ ಎನ್ನಲಿ? ಹೊರಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದೆ. ಇದರಿಂದ ಒಮ್ಮೆ ನನ್ನ ಜೀವ ಬಾಯಿಗೆ ಬಂತು. ಇವತ್ತು ಕೆಲಸಕ್ಕೆ ಕರೆದರೂ ನಾನು ಹಾಗೆಯೇ ಬಾಗಿಲು ಎಳೆದುಕೊಳ್ಳುವವಳೇ.

ಅದು ಮೆಲ್ಬರ್ನಿಗೆ ಬಂದ ಮೇಲಿನ ಮಾತು. ಊರಂಚಿನ ಟ್ರುಗನಿನಾದಲ್ಲಿ ನಮ್ಮ ಕಂಪನಿಯ ಗೋದಾಮು. ಅಲ್ಲಿಂದ ಕೂಗಳತೆಯಲ್ಲಿ ವಾಮನಣ್ಣನ ಮನೆ. ಮಂಗಳೂರಿನ ಕಡಲ ದಂಡೆಯವರು, ತುಳು ಮಾತಿನವರು. ಸರಕು ಹಡಗುಗಳಲ್ಲಿ ಎಂಜಿನಿಯರ್ ಆಗಿ ಲೋಕವೆಲ್ಲ ಸುತ್ತಿ, ಮಕ್ಕಳಿರುವ ಈ ಊರಿನಲ್ಲಿ ನೆಲೆಸಿದ್ದರು. ಅವರ ಅಪ್ಪ ಮಂಜಿ ಕಟ್ಟುವ ಆಚಾರಿ. ಮಂಜಿ ಎಂದರೆ ಹಿಂದೆ ನಮ್ಮ ಕರಾವಳಿಯಿಂದ ಹಂಚು, ಅಕ್ಕಿ, ಉಪ್ಪು ತುಂಬಿಕೊಂಡು ಹಾಯಿ ಬಿಚ್ಚಿ ಹೋಗುತ್ತಿದ್ದ ಮರದ ಹಡಗು. ಅಪ್ಪನ ಕೈಯಲ್ಲಿ ಕಂಡದ್ದನ್ನು ನೆನಪಿಸಿಕೊಂಡು ವಾಮನಣ್ಣ ತಮ್ಮ ಗ್ಯಾರೇಜಿನಲ್ಲಿ ಒಂದು ತೋಳುದ್ದದ ಪುಟ್ಟ ಮಂಜಿ ಕಟ್ಟಿದ್ದರು. ಕಾರು ವರ್ಷಗಟ್ಟಲೆ ಹೊರಗೆ ಆಲಿಕಲ್ಲು ತಿನ್ನುತ್ತ ನಿಂತಿತ್ತು.

ಫ್ರಾನ್ಸಿನ ಒಂದು ಬಂದರು ನಗರದ ಕಡಲ ಮ್ಯೂಸಿಯಂನವರು ಹಿಂದೂ ಮಹಾಸಾಗರದ ಹಾಯಿ ಹಡಗುಗಳ ಪ್ರದರ್ಶನ ಮಾಡುತ್ತಿದ್ದರು. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿನವರು ಇನ್ನೂ ಕೆಲಸದಲ್ಲಿದ್ದಾರೆ. ಯಾರಿಂದಲೋ ಕೇಳಿ, ಈ ಮಂಜಿಯ ಫೋಟೋ ತರಿಸಿಕೊಂಡು, ಕೆಲವು ತಿಂಗಳು ಎರವಲು ಕೊಡಿ ಎಂದು ಕೇಳಿದರು. ವಾಮನಣ್ಣ ಒಪ್ಪಲು ಒಂದು ಕಾರಣವಿತ್ತು. ಅವರ ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದು ಮಂಜಾಗುತ್ತಿತ್ತು. ಇನ್ನೆಷ್ಟು ದಿನ ಎಂದು ಡಾಕ್ಟರೂ ಹೇಳುವಂತಿರಲಿಲ್ಲ.

“ನನ್ನ ಅಪ್ಪ ಕಟ್ಟಿದ್ದು ಒಂದೂ ಉಳಿಲಿಲ್ಲ ಮಾರಾಯ್ರೆ,” ಎಂದರು ನನ್ನ ಬಳಿ. “ಎಲ್ಲ ಒಡೆದು ಸೌದೆ ಮಾಡಿದ್ರು. ಇದೊಂದು ಹತ್ತು ಜನರೆದುರು ನೆಟ್ಟಗೆ ನಿಂತದ್ದನ್ನು ನಾನು ನೋಡ್ಬೇಕು. ಫೋನಲ್ಲಾದ್ರೂ ಸಾಕು. ಕಣ್ಣಿರುವಾಗ ನೋಡ್ಬೇಕು, ಅಷ್ಟೇ.”

“ತೋರಿಸ್ತೀನಿ ವಾಮನಣ್ಣ,” ಎಂದು ಮಾತು ಕೊಟ್ಟೆ.

ಪ್ಯಾಕಿಂಗ್ ಅವರ ಗ್ಯಾರೇಜಿನಲ್ಲೇ ಆಯಿತು. ನಾನು ಇಡೀ ಮಂಜಿಯನ್ನು ಲೆನ್ಸ್ ಹಿಡಿದು ನೋಡಿ ಮುಗಿಸಿದೆ. ಆಗ ವಾಮನಣ್ಣ, “ಒಂದು ನಿಮಿಷ ನಾವಿಬ್ಬರೇ ಇರ್ಬಹುದಾ?” ಎಂದರು. ಪಕ್ಕದಲ್ಲಿ ಅವರ ಹೆಂಡತಿ ಗಿರಿಜಕ್ಕ ಸೆರಗಿನೊಳಗೆ ಕೈ ಮುಚ್ಚಿಕೊಂಡು ನಿಂತಿದ್ದರು. ಅಳು ಒರೆಸಿಕೊಳ್ಳಲು ಕರ್ಚೀಫು ಇರಬೇಕು ಎಂದುಕೊಂಡೆ. ಹೊರಗೆ ಹೋಗಿ ಅವರೇ ಕೊಟ್ಟಿದ್ದ ಗೋಳಿಬಜೆ ತಿಂದೆ. ಒಳಗೆ ಬಂದಾಗ ಮಂಜಿಯ ಡೆಕ್ಕಿನ ಮುಚ್ಚಳ ಹಾಕಿತ್ತು. ಪೆಟ್ಟಿಗೆಗೆ ಇಳಿಸಿ, ತಿರುಪು ಬಿಗಿದು ಹೊರಟೆವು.

ಪ್ಯಾರಿಸ್ಸಿನಲ್ಲಿ ವಿಮಾನ ಇಳಿದು ಲಾರಿಗೆ ಹತ್ತಿಸುವವರೆಗೂ ಎಲ್ಲ ಸುಸೂತ್ರ. ಲಾರಿಯಲ್ಲಿ ಚಾಲಕನ ಪಕ್ಕ ಕುಳಿತು ಬಂದರು ನಗರಕ್ಕೆ ಬಂದೆ. ಮ್ಯೂಸಿಯಂನ ಹಿಂಬಾಗಿಲಿನಲ್ಲಿ ಸೊಲಾಂಜ್ ಕಾಯುತ್ತಿದ್ದಳು. ಅಲ್ಲಿನ ಸಂಗ್ರಹದ ಜವಾಬ್ದಾರಿ ಅವಳದು. ಬೆಳ್ಳಿ ಕೂದಲು, ಸಣ್ಣ ಬಾಯಿ, ನಗುವನ್ನೂ ಅಳತೆ ಮಾಡಿ ಖರ್ಚು ಮಾಡುವವಳು. ಪೆಟ್ಟಿಗೆ ಇಳಿಸುವಾಗ ಅಭ್ಯಾಸದಂತೆ ಅಂಗೈ ಇಟ್ಟೆ. ಇಳಿಜಾರಿನಲ್ಲಿ ಗಾಡಿ ಸ್ವಲ್ಪ ಬಾಗಿತು.

ಒಳಗೆ ಏನೋ ಉರುಳಿತು.

ಗರಗರ, ಟಕ್. ಮತ್ತೆ ಸುಮ್ಮನೆ. “ನಿಲ್ಲಿಸಿ!” ಎಂದು ಕನ್ನಡದಲ್ಲೇ ಕಿರುಚಿದೆ. ಆಳುಗಳಿಗೆ ಅರ್ಥವೂ ಆಯಿತು. ಚೀಟಿ ನೋಡಿದೆ, ಬೆಳ್ಳಗಿತ್ತು. ಪೆಟ್ಟು ಬಿದ್ದಿಲ್ಲ, ಓರೆಯಾಗಿಲ್ಲ, ಆದರೂ ಒಳಗೆ ಏನೋ ಕಳಚಿಕೊಂಡಿದೆ. ಲಂಗರೋ? ನೀರಿನ ಪೀಪಾಯಿಯೋ? ಹಾಯಿ ಕಟ್ಟುವ ಕೂವೆಮರದ ರಾಟೆಯೋ? ಪ್ರತಿ ತುಣುಕನ್ನೂ ನಾನು ಬೆರಳಿಟ್ಟು ನೋಡಿದ್ದೆ. ಎಲ್ಲ ಗಟ್ಟಿಯಾಗಿದ್ದವು.

“ನಿನಗೂ ಕೇಳಿಸ್ತಾ?” ಎಂದೆ.

“ಕೇಳಿಸಿತು,” ಎಂದಳು ಸೊಲಾಂಜ್. ಅವಳ ಮುಖದಲ್ಲಿ ಏನೂ ಇರಲಿಲ್ಲ.

ಈಗಲೇ ತೆರೆಯೋಣ ಎಂದರೆ ತೆರೆಯುವಂತಿಲ್ಲ. ವಿಮಾನದ ಚಳಿಯಿಂದ ಬಂದ ಪೆಟ್ಟಿಗೆ ಹೊಸ ಜಾಗದ ಹವೆಗೆ ಒಗ್ಗಲು ಒಂದು ಹಗಲು ಒಂದು ರಾತ್ರಿ ಮುಚ್ಚಿಯೇ ಇರಬೇಕು. ಆತುರಪಟ್ಟು ತೆರೆದರೆ ಮರ ಬಿರಿಯಬಹುದು, ಬಣ್ಣ ಏಳಬಹುದು. ಈ ನಿಯಮವನ್ನು ನಾನೇ ಎಷ್ಟೋ ಜನರಿಗೆ ಪಾಠ ಮಾಡಿದ್ದೆ. ಅವತ್ತು ಆ ಪಾಠ ನನ್ನ ಗಂಟಲಲ್ಲೇ ಸಿಕ್ಕಿಕೊಂಡಿತು. ಪೆಟ್ಟಿಗೆಯನ್ನು ಕೋಣೆಯಲ್ಲಿಟ್ಟು, ಇಬ್ಬರ ಎದುರು ಬೀಗ ಹಾಕಿ ಸೀಲ್ ಮಾಡಿದರು. ಫೋನ್ ಜೇಬಿನಲ್ಲಿ ನಡುಗಿತು. ಗಿರಿಜಕ್ಕನ ಮೆಸೇಜು: “ಮುಟ್ಟಿತಾ?” ಮುಟ್ಟಿತು ಎಂದು ಬರೆದೆ. ಅದಕ್ಕಿಂತ ಹೆಚ್ಚು ಬರೆಯಲು ಧೈರ್ಯವಾಗಲಿಲ್ಲ.

ನನ್ನ ಚಡಪಡಿಕೆ ನೋಡಲಾಗದೆ ಸೊಲಾಂಜ್, ಹೋಗಿ ಮ್ಯೂಸಿಯಂ ನೋಡಿ ಬಾ ಎಂದಳು. ಹೋದೆ. ನೋಡುವ ಮನಸ್ಸಿರಲಿಲ್ಲ, ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ ಅಷ್ಟೇ. ಹಡಗಿನ ಮೂತಿಗೆ ಕೂರಿಸುತ್ತಿದ್ದ ಮರದ ಹೆಂಗಸರು ಸಾಲಾಗಿ ನಿಂತಿದ್ದರು, ಎಲ್ಲರ ಮೂಗೂ ಗಾಳಿಗೆ ಸವೆದಿತ್ತು. ಟಾರಿನ ವಾಸನೆಯ ಹಗ್ಗದ ಸುರುಳಿಗಳು, ಬಿರುಗಾಳಿಯಿಂದ ಬದುಕಿ ಬಂದವರು ಚರ್ಚಿಗೆ ಹರಕೆ ಒಪ್ಪಿಸಿದ ಆಟಿಕೆಯಷ್ಟು ಸಣ್ಣ ಹಡಗುಗಳು.

ಒಂದು ಕತ್ತಲ ಕೋಣೆಯಲ್ಲಿ ಗುಲಾಮರನ್ನು ಸಾಗಿಸುತ್ತಿದ್ದ ಹಡಗೊಂದರ ಹೊಟ್ಟೆಯನ್ನು ಅರ್ಧ ಕತ್ತರಿಸಿದಂತೆ ಮಾಡಿ ತೋರಿಸಿದ್ದರು. ಆ ಊರು ಶ್ರೀಮಂತವಾದದ್ದು ಆ ವ್ಯಾಪಾರದಿಂದಲೂ ಹೌದಂತೆ, ಮುಚ್ಚಿಡದೆ ಬರೆದಿದ್ದರು. ಮನುಷ್ಯರನ್ನು ತಲೆ ಈ ಕಡೆ, ಕಾಲು ಆ ಕಡೆ, ಒಂದು ಗೇಣು ಜಾಗವೂ ವ್ಯರ್ಥವಾಗದಂತೆ ಮಲಗಿಸಿದ್ದರು. ಪ್ಯಾಕಿಂಗ್ ನನ್ನ ಹೊಟ್ಟೆಪಾಡು. ಒಂದು ಪಿಂಗಾಣಿ ಬಟ್ಟಲಿಗೆ ನಾನು ಬಿಡುವಷ್ಟು ಜಾಗವನ್ನೂ ಅಲ್ಲಿ ಒಬ್ಬ ಮನುಷ್ಯನಿಗೆ ಬಿಟ್ಟಿರಲಿಲ್ಲ. ಅಲ್ಲಿ ನಿಲ್ಲದೆ ಹೊರಗೆ ಬಂದೆ.

ಪಕ್ಕದ ಕೋಣೆಯಲ್ಲಿ ಕುಳಿತೆ. ಎದುರಿಗೆ ಗಾಜಿನೊಳಗೆ ಒಂದು ಕಪ್ಪು ಮರದ ದಿಮ್ಮಿ. ಮುಳುಗಿದ ಹಡಗಿನ ಕೂವೆಮರದ ಬುಡವಂತೆ. ನಡುವೆ ಒಂದು ಕುಳಿ, ಕುಳಿಯಲ್ಲಿ ಸವೆದುಹೋದ ಒಂದು ನಾಣ್ಯ. ಹಡಗು ಕಟ್ಟುವವರು ಶುಭವಾಗಲೆಂದು ಕೂವೆಮರದ ಕೆಳಗೆ ಇಡುತ್ತಿದ್ದರು ಎಂದು ಬರೆದಿತ್ತು. ಓದಿದೆ, ಎದ್ದು ಹೋದೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಗರಗರ, ಟಕ್ ಒಂದೇ.

ಮಾರನೆಯ ಬೆಳಿಗ್ಗೆ ಸೀಲ್ ಒಡೆದೆವು. ತಿರುಪು ಒಂದೊಂದೇ ಬಿಚ್ಚಿದೆ. ಮುಚ್ಚಳ ಎತ್ತಿದೆವು. ಕೂವೆಮರ ನೆಟ್ಟಗಿತ್ತು. ಹಾಯಿ ಸರಿ ಇತ್ತು. ಲಂಗರು, ಪೀಪಾಯಿ, ರಾಟೆ ಎಲ್ಲ ಅದರದರ ಜಾಗದಲ್ಲೇ ಇದ್ದವು. ಹಾಗಾದರೆ ಉರುಳಿದ್ದು ಏನು? ಇಬ್ಬರೂ ಮುಖ ನೋಡಿಕೊಂಡೆವು. ಉಳಿದದ್ದು ಡೆಕ್ಕಿನ ಮುಚ್ಚಳದ ಕೆಳಗಿನ ಸರಕಿನ ಕೋಣೆ. ನಾನು ಚಿಮಟದಿಂದ ಮುಚ್ಚಳ ಸರಿಸಿದೆ, ಅವಳು ಟಾರ್ಚ್ ಬಿಟ್ಟಳು.

ಒಳಗೆ ಒಂದು ಅಡಿಕೆ. ಸುತ್ತ ಅರಿಶಿನ ಕುಂಕುಮ ಹಚ್ಚಿದ ಅಕ್ಕಿಕಾಳು.

ನನಗೆ ಎಲ್ಲ ಹೊಳೆದುಹೋಯಿತು. ಗಿರಿಜಕ್ಕನ ಸೆರಗಿನೊಳಗಿನ ಕೈ. ಒದ್ದೆ ಅಕ್ಷತೆ ಅಡಿಕೆಯನ್ನು ತಳಕ್ಕೆ ಅಂಟಿಸಿ ಹಿಡಿದಿದೆ, ವಿಮಾನದಲ್ಲಿ ಒಣಗಿ ಬಿಟ್ಟುಕೊಂಡಿದೆ. ಮಂಜಿ ಮುರಿದಿಲ್ಲ ಎಂಬ ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಸೊಲಾಂಜ್ ಮಾತ್ರ ಬೆಂಕಿ ಕಂಡವಳ ಹಾಗೆ ಒಂದು ಹೆಜ್ಜೆ ಹಿಂದೆ ಸರಿದಳು.

“ಅಕ್ಕಿ! ಮರದ ಹಡಗುಗಳ ಮ್ಯೂಸಿಯಂ ಒಳಗೆ ಅಕ್ಕಿ!”

ಅವಳದು ತಪ್ಪಲ್ಲ. ಧಾನ್ಯದಲ್ಲಿ ಒಂದು ಹುಳ ಇದ್ದರೆ ಸಾಕು, ಅದು ಎಲ್ಲಿಗೆ ಹರಿದು ಏನು ತಿನ್ನುತ್ತದೋ ಯಾರಿಗೆ ಗೊತ್ತು? ಹುಳ ಸಿಕ್ಕರೆ ಮಂಜಿಯನ್ನು ಗಾಳಿಯಾಡದ ಚೀಲದಲ್ಲಿ ವಾರಗಟ್ಟಲೆ ಬಂಧಿಸಿಡಬೇಕು. ಅಷ್ಟರಲ್ಲಿ ವಾಮನಣ್ಣನ ಕಣ್ಣು ಇರುತ್ತದೋ ಇಲ್ಲವೋ. ಇಬ್ಬರೂ ಲೆನ್ಸ್ ಹಾಕಿಕೊಂಡು, ಯಾವುದನ್ನೂ ಅಲುಗಿಸದೆ, ದೀಪ ಹಿಡಿದು ಒಂದೊಂದು ಕಾಳನ್ನೂ ನೋಡಲು ಶುರುಮಾಡಿದೆವು. ಒಂದು ಮೂಲೆಯಲ್ಲಿ ಕಪ್ಪು ಚುಕ್ಕೆ. ಸೊಲಾಂಜ್ ದೀಪ ಹತ್ತಿರ ತಂದಳು. ನಾನು ಕಣ್ಣು ಮಿಟುಕಿಸದೆ ಅದನ್ನೇ ದಿಟ್ಟಿಸಿದೆ. ಚುಕ್ಕೆ ಕದಲಲಿಲ್ಲ. ಚಿಮಟದ ತುದಿ ತಾಗಿಸಿದಾಗ ಪುಡಿಯಾಗಿ ಕೆಂಪಗೆ ಹರಡಿತು. ಕುಂಕುಮದ ಗಂಟು!

ಹುಳ ಇರಲಿಲ್ಲ. ಆದರೂ ಅಕ್ಕಿ, ಅಡಿಕೆ ಎರಡೂ ಈಗಲೇ ಹೊರಗೆ ಹೋಗಬೇಕು ಎಂದಳು. ತೆಗೆಯಲು ಕಳಿಸಿದವರ ಒಪ್ಪಿಗೆ ಬೇಕು. ಒಡೆಯರು ಒಪ್ಪದೆ ವಸ್ತುವಿನೊಳಗಿಂದ ದಾರದ ಎಳೆಯನ್ನೂ ತೆಗೆಯುವಂತಿಲ್ಲ. ಟ್ರುಗನಿನಾದಲ್ಲಿ ಆಗ ಸಂಜೆ. ಫೋನ್ ಎತ್ತಿದ್ದು ಗಿರಿಜಕ್ಕ.

“ಗಿರಿಜಕ್ಕ, ಮಂಜಿ ಚೆನ್ನಾಗಿದೆ. ಆದ್ರೆ ಒಳಗೆ ಅಡಿಕೆ ಇಟ್ಟಿದ್ದೀರಲ್ಲ, ಯಾಕೆ?”

“ಮತ್ತೆ ಎಂತ ಬರಿದೇ ಕಳಿಸುದಾ? ಮೊದಲ ಸಲ ಹೊರಟದ್ದಲ್ವಾ ಅದು. ನೀರಿಗೆ ಇಳಿಸುವಾಗ ತಳದಲ್ಲಿ ಒಂದು ಚೂರು ಚಿನ್ನ ಇಡ್ಬೇಕು. ಮಾವ ಕಟ್ಟಿದ ಎಲ್ಲ ಮಂಜಿಗೂ ಹಾಗೇ.”

“ಚಿನ್ನವಾ? ಇಟ್ಟಿರೋದು ಅಡಿಕೆ ಅಲ್ವಾ?”

“ಚಿನ್ನ ಇಟ್ರೆ ಕಸ್ಟಮ್ಸಿನವರು ಹಿಡಿದ್ರೆ ನಿಮಗೆ ತೊಂದರೆ ಅಲ್ವಾ ಮಾರಾಯ್ರೆ? ಅದಕ್ಕೇ ಅಡಿಕೆ ಇಟ್ಟದ್ದು. ಅಡಿಕೆಗೆ ಯಾರು ಎಂತ ಹೇಳ್ತಾರೆ?”

ಅಡಿಕೆ ಅಕ್ಕಿಗಳಿಗಾಗಿಯೇ ಆಸ್ಟ್ರೇಲಿಯಾದ ಏರ್‌ಪೋರ್ಟುಗಳಲ್ಲಿ ನಾಯಿ ಬಿಟ್ಟು ಹುಡುಕಿಸುತ್ತಾರೆ. ಊರಿಂದ ತಂದ ಚಕ್ಕುಲಿ ಉಪ್ಪಿನಕಾಯಿಗೆ ಪ್ರಶ್ನೆ ಎದುರಿಸದ ಕನ್ನಡದವರು ನಮ್ಮಲ್ಲಿ ಯಾರೂ ಇಲ್ಲ. ಅಷ್ಟಾದರೂ ನನಗೆ ತೊಂದರೆಯಾಗದಿರಲಿ ಎಂದು ಚಿನ್ನ ಬಿಟ್ಟು ಅಡಿಕೆ ಇಟ್ಟಿದ್ದಾರೆ, ಪುಣ್ಯಾತ್ಗಿತ್ತಿ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವಿಷಯ ಬಿಡಿಸಿ ಹೇಳಿದೆ. ಆ ಕಡೆ ಫೋನ್ ಕೈ ಬದಲಾಯಿತು.

“ಅದನ್ನು ತೆಗೀಲಿಕ್ಕಿಲ್ಲ,” ಎಂದರು ವಾಮನಣ್ಣ.

“ವಾಮನಣ್ಣ, ತೆಗೀದೇ ಇದ್ರೆ ಪ್ರದರ್ಶನಕ್ಕೆ ಇಡೋದಿಲ್ಲ ಅಂತಾರೆ.”

“ಅದಿಲ್ಲದಿದ್ರೆ ಅದು ಮಂಜಿಯೇ ಅಲ್ಲ. ಶೋಕೇಸಿನ ಗೊಂಬೆ. ಗೊಂಬೆ ತೋರಿಸ್ಲಿಕ್ಕೆ ಅಷ್ಟು ದೂರ ಕಳಿಸ್ಬೇಕಿತ್ತಾ? ವಾಪಸ್ ತನ್ನಿ.”

“ನಿಮ್ಮ ಕಣ್ಣು…”

“ಕಣ್ಣು ಹೋದ್ರೆ ಹೋಗ್ಲಿ. ವಾಪಸ್ ತನ್ನಿ ನೀವು.” ಫೋನ್ ಇಟ್ಟರು. ಇಡುವ ಮೊದಲು ಅವರ ದನಿ ಒಡೆದದ್ದು ನನಗೆ ಕೇಳಿಸಿತು.

ನನಗೆ ಕೋಪ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಸೊಲಾಂಜ್‌ಗೆ ಹೇಳಿದೆ. ಆಯಿತು ಹಾಗಾದರೆ ಎಂದು ಅವಳು ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದಳು. ಹಗ್ಗ, ಹಾಯಿ, ತಳದ ತಿರುವು ಎಲ್ಲ ಸರಿಯಾಗಿ ಮುಟ್ಟಿದ ಒಂದು ಹಡಗು, ಪ್ರದರ್ಶನದ ಕೋಣೆಯಿಂದ ನಾಲ್ಕು ಗೋಡೆ ಈಚೆಗೆ ಬಂದು ಹಿಂದಿರುಗುವುದರಲ್ಲಿತ್ತು. ಅದನ್ನು ನೋಡಬೇಕಾದ ಕಣ್ಣು ದಿನದಿನಕ್ಕೂ ಮುಚ್ಚುತ್ತಿತ್ತು. “ಇರು, ಮುಚ್ಚಬೇಡ,” ಎಂದು ಅವಳ ತೋಳು ಹಿಡಿದೆ. ಈ ಕೆಲಸದಲ್ಲಿ ಯಾರೂ ಯಾರ ತೋಳನ್ನೂ ಹಿಡಿಯುವುದಿಲ್ಲ. ಮ್ಯೂಸಿಯಂನ ಆಳೊಬ್ಬನನ್ನು ಮಂಜಿಯ ಬಳಿ ನಿಲ್ಲಿಸಿ, ಅವಳನ್ನು ದರದರ ಎಳೆದುಕೊಂಡು ಆ ಕಪ್ಪು ದಿಮ್ಮಿಯ ಮುಂದೆ ತಂದು ನಿಲ್ಲಿಸಿದೆ.

“ಇದೇನು?”

“ನಾಣ್ಯ. ಹಳೆಯ ಪದ್ಧತಿ.”

“ಇದನ್ನು ತೆಗೆದು ಆ ದಿಮ್ಮಿ ಒಂದನ್ನೇ ಇಡ್ತೀಯಾ?”

ಸೊಲಾಂಜ್ ಗಾಜಿಗೆ ಮುಖ ಹತ್ತಿರ ತಂದು ನೋಡಿದಳು. ಅವಳಿಗೆ ನನ್ನ ಮೇಲೆ ಸಿಟ್ಟು ಬಂದಿದೆ ಎಂದುಕೊಂಡೆ. ಕೊನೆಗೆ, “ನನ್ನ ತಾತ ಮೀನುಗಾರ. ಅವನ ದೋಣಿಯಲ್ಲೂ ಒಂದಿತ್ತು,” ಎಂದಳು. ಮತ್ತೆ ಅಧಿಕಾರಿಯಾದಳು. “ಕಾಳು, ಕಾಯಿ ಆಗುವುದೇ ಇಲ್ಲ. ಲೋಹವಾದರೆ ಸರಿ. ಒಡೆಯರೇ ಇಡು ಎಂದು ಹೇಳಬೇಕು.”

ಮತ್ತೆ ಫೋನ್ ಮಾಡಿದೆ. ಈ ಸಲವೂ ಗಿರಿಜಕ್ಕನೇ ಎತ್ತಿದರು. ಸ್ಪೀಕರ್ ಹಾಕಿ ಎಂದೆ. ಅಡಿಕೆ ಅಕ್ಕಿ ತೆಗೆಯುವುದು, ಪದ್ಧತಿಯಂತೆ ಚಿನ್ನವನ್ನೇ ಇಡುವುದು ಎಂದು ಹೇಳಿದೆ.

“ಚಿನ್ನ ಎಲ್ಲಿಂದ ತರ್ತೀರಿ?” ವಾಮನಣ್ಣನ ದನಿ.

“ನನ್ನ ಮೂಗುಬೊಟ್ಟು ಇದೆ.”

“ಅಯ್ಯೋ, ಬೇಡ ಮಾರಾಯ್ತಿ!” ಎಂದರು ಗಿರಿಜಕ್ಕ. ಅವರು ನನ್ನ ಜೊತೆ ಏಕವಚನದಲ್ಲಿ ಮಾತಾಡಿದ್ದು ಅದೇ ಮೊದಲು. ಸೊಲಾಂಜ್ ಕನ್ನಡ ಬರದಿದ್ದರೂ ಫೋನಿಗೆ ಕಿವಿಗೊಟ್ಟು ನಿಂತಿದ್ದಳು.

“ಹೆಂಗಸಿನ ಕೈಯಿಂದಲೇ ಇಡ್ಬೇಕದು,” ಎಂದರು ವಾಮನಣ್ಣ ಕೊನೆಗೆ. “ನೀವೇ ಇಡಿ. ತೆಗೀಲಿ ಅವರು ಅಡಿಕೆ.”

ಅಷ್ಟು ವರ್ಷ ಕೂತಿದ್ದ ಮೂಗುಬೊಟ್ಟಿನ ತಿರುಪು ಸುಲಭಕ್ಕೆ ಬಿಚ್ಚಿಕೊಳ್ಳಲಿಲ್ಲ, ಕಣ್ಣಲ್ಲಿ ನೀರು ತರಿಸಿತು. ಸೊಲಾಂಜ್ ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಉರುಳದಂತೆ ತೆಳು ಕಾಗದದ ಮೆತ್ತೆ ಮಾಡಿ ಕೊಟ್ಟಳು. ನಾನು ಕೈಗವಸು ತೆಗೆದೆ. ಸೊಲಾಂಜ್ ತಡೆಯಲಿಲ್ಲ. ಬರಿಗೈಯಲ್ಲೇ ತಳದಲ್ಲಿ ಇಟ್ಟೆ. ಪ್ರದರ್ಶನ ಆರಂಭವಾದ ಬೆಳಿಗ್ಗೆ ಟ್ರುಗನಿನಾಕ್ಕೆ ವಿಡಿಯೋ ಕರೆ ಮಾಡಿದೆ. ಗಿರಿಜಕ್ಕ ಟ್ಯಾಬ್ಲೆಟ್ಟನ್ನು ಗಂಡನ ಒಳ್ಳೆಯ ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದರು, ಪರದೆಯ ತುಂಬ ಒಂದು ಕಣ್ಣೇ ಕಾಣುತ್ತಿತ್ತು.

“ಪಕ್ಕದಲ್ಲಿ ಯಾರದ್ದು?” ಎಂದರು.

“ಎಡಗಡೆ ಅರಬರದು, ಬಲಗಡೆ ಲಂಕಾದ್ದು.”

“ನಮ್ದು ಸಣ್ಣ ಕಾಣ್ತದೆ.”

“ಸಣ್ಣದೇ ಅಲ್ವಾ ವಾಮನಣ್ಣ.”

“ಹೌದು. ಆದ್ರೆ ನೆಟ್ಟಗೆ ನಿಂತಿದೆ. ಸ್ವಲ್ಪ ಹಿಂದೆ ಹೋಗಿ, ಜನ ತೋರಿಸಿ.” ಹಿಂದೆ ಸರಿದು ಜನರನ್ನು ತೋರಿಸಿದೆ. ಒಬ್ಬಾಕೆ ತನ್ನ ಮಗುವನ್ನು ಎತ್ತಿಕೊಂಡು ಹಾಯಿಯ ಕಡೆ ಬೆರಳು ಮಾಡುತ್ತಿದ್ದಳು. ಆ ಕಣ್ಣು ಮುಚ್ಚಲೇ ಇಲ್ಲ. ಕರೆ ಕಡಿದುಹೋಗುವವರೆಗೂ ಹಾಗೆಯೇ ಹಿಡಿದುಕೊಂಡು ನಿಂತೆ.

ಹೊಸದಾಗಿ ಸೇರಿದವರಿಗೆ ನಾನು ಹೇಳುವುದು ಇಷ್ಟೇ. ಕೆಂಪಾಗುವ ಚೀಟಿ ಪೆಟ್ಟಿಗೆಗೆ ಏನಾಯಿತು ಎಂದು ಹೇಳುತ್ತದೆ, ಒಳಗೆ ಏನಿದೆ ಎಂದು ಹೇಳುವುದಿಲ್ಲ. ಒಡೆಯರಿಗೆ ಒಂದು ನಿಮಿಷ ಬಿಟ್ಟುಕೊಡಿ. ಒಳಗೆ ಬಂದ ಮೇಲೆ, ಏನಾದರೂ ಇಟ್ಟಿರಾ ಎಂದು ಕೇಳಿ. ಸಾಧ್ಯವಾದರೆ ಅವರ ಭಾಷೆಯಲ್ಲೇ ಕೇಳಿ. ಅವತ್ತಿನಿಂದ ನಾನು ಕೇಳದೆ ಒಂದು ಪೆಟ್ಟಿಗೆಯನ್ನೂ ಮುಚ್ಚಲಿಲ್ಲ.

ಪ್ರದರ್ಶನ ಮುಗಿದಾಗ ಮಂಜಿಯನ್ನು ಕರೆತಂದದ್ದೂ ನಾನೇ. ಅಷ್ಟರಲ್ಲಿ ಆ ಇನ್ನೊಂದು ಕಣ್ಣೂ ಹೋಗಿತ್ತು. ಗ್ಯಾರೇಜಿನಲ್ಲಿ ಪೆಟ್ಟಿಗೆ ತೆರೆದು, ಮಂಜಿಯನ್ನು ಮೇಜಿನ ಮೇಲಿಟ್ಟು, ಒಳಗಿನ ಮೂಗುಬೊಟ್ಟನ್ನು ಹಾಗೇ ಬಿಟ್ಟು ಕಾಗದದ ಮೆತ್ತೆ ಮಾತ್ರ ತೆಗೆದೆ. ಗಿರಿಜಕ್ಕ ನನಗೊಂದು ಹೊಸ ಮೂಗುಬೊಟ್ಟು ತಂದಿಟ್ಟಿದ್ದರು. ನನ್ನ ಮೂಗಿನ ತೂತು ಮುಚ್ಚಿಹೋಗಿತ್ತು. ನಿಮ್ಮದನ್ನೇ ತೆಗೆದುಕೊಡ್ಲಾ ಎಂದು ಅವರು ಕೇಳುತ್ತಿದ್ದ ಹಾಗೆ ವಾಮನಣ್ಣ ತಡವರಿಸುತ್ತ ಮೇಜಿನ ಬಳಿ ಬಂದರು. ಮೂತಿಯಿಂದ ಹಿಂಬದಿಯವರೆಗೆ ಬೆರಳಾಡಿಸಿದರು. ಹಗ್ಗ ಎಳೆದು ನೋಡಿದರು. ಆಮೇಲೆ ಬಗ್ಗಿ ಡೆಕ್ಕಿಗೆ ಕಿವಿ ಹಚ್ಚಿ, ಎರಡೂ ಕೈಯಿಂದ ಹಿಡಿದು ಮಂಜಿಯನ್ನು ಮೆಲ್ಲಗೆ ಬಾಗಿಸಿದರು.

ಒಳಗೆ ಏನೋ ಉರುಳಿತು.

“ಉಂಟು,” ಎಂದರು.